ಕಡೆಯ ಪಂಕ್ತಿಯ ಮಜ್ಜಿಗೆ

ಮನೆತನಕ್ಕೆ ಮೊದಲ ಪದವೀಧರನಾದವನ ಕಷ್ಟ ಎರಡನೆಯವನಿಗೆ ತಿಳಿಯುವುದಿಲ್ಲ. ಎರಡನೆಯವನು ಬರುವ ಹೊತ್ತಿಗೆ ಮನೆಯವರಿಗೆ ಈ ಪ್ರಾಣಿಯನ್ನು ಎಲ್ಲಿ ಕಟ್ಟಬೇಕು, ಏನು ಹಾಕಬೇಕು ಎಂಬುದು ಗೊತ್ತಾಗಿರುತ್ತದೆ. ನಾನು ಬಿ.ಎ. ಮುಗಿಸಿ, ತಮಿಳು ಸೀಮೆಯೊಳಗಿನ ನಮ್ಮ ಕನ್ನಡದವರ ಊರು ಮಾರ್ಕಯನ್‌ಕೋಟ್ಟೈಗೆ ಮರಳಿದಾಗ ನಮ್ಮವರಿಗೆ ಅದು ಗೊತ್ತಿರಲಿಲ್ಲ. ಎತ್ತು ಕೊಂಡರೆ ಹಲ್ಲು ನೋಡಬಹುದು, ನೇಗಿಲು ತಂದರೆ ಮರ ತಟ್ಟಿ ನೋಡಬಹುದು. ಬಿ.ಎ. ಆದವನ ಯಾವ ಭಾಗವನ್ನು ತಟ್ಟಿ ನೋಡುವುದು? ಪಕ್ಕದ ಮನೆಯ ಮುದುಕರೊಬ್ಬರು ಬಂದು, "ತಂಬಿ, ಅಷ್ಟು ಪಡಿಪ್ಪು ಪಡಿಚಿದ್ದೀಯ, ಈ ಕಡವಾಯಿ ಹಲ್ಲು ಕೀಳ್ತೀಯಾ?" ಎಂದು ಬಾಯಿ ತೆರೆದರು. ಅದು ಬೇರೆಯವರ ಕೆಲಸ ಎಂದೆ. "ಮತ್ತೆ ನಿಂಗೇನ್ ಗೊತ್ತು?" ಎಂದರು. "ಗಣಿತ" ಎಂದೆ. ಅವರು ಬಾಯಿ ಮುಚ್ಚಿಕೊಂಡು ಬಹಳ ಮರುಕದಿಂದ ನನ್ನನ್ನು ನೋಡಿ ಹೊರಟುಹೋದರು.

ಆದರೂ ನನಗೆ ಹೆಮ್ಮೆ ಇತ್ತು, ಈಗಲೂ ಇದೆ, ಅದನ್ನು ಮುಚ್ಚಿಡುವ ವಿನಯ ನನಗೆ ಬಂದಿಲ್ಲ. ಆ ಕಾಲ ಹಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕಡೆಯ ವರ್ಷಗಳು. ನಮಗೆ ಹತ್ತಿರದ ಪೇಟೆ ತೇನಿ ಎಂದರೆ ಒಂದು ಸಂತೆ, ಒಂದಷ್ಟು ಮನೆ, ಬೇಕಾದಷ್ಟು ಧೂಳು. ನಮ್ಮ ಕಣಿವೆಯಿಂದ ದಿಂಡಿಗಲ್ಲಿಗೆ ಓದಲು ಹೋಗುವವನು ಎತ್ತಿನ ಗಾಡಿಯಲ್ಲಿ ಮಲಗಿ, ಎದ್ದು, ಮತ್ತೆ ಮಲಗಿ, ಗಾಡಿಯವನ ಹಾಡು ಪೂರ್ತಿ ಬಾಯಿಪಾಠವಾದ ಮೇಲೆ ಊರು ಸೇರುತ್ತಿದ್ದ. ಅಲ್ಲಿ ಛತ್ರದ ಊಟ, ಯಾರದೋ ಜಗಲಿಯಲ್ಲಿ ನಿದ್ದೆ. ಮನೆಯಲ್ಲಿ ಆಡುತ್ತಿದ್ದ ಕನ್ನಡ ಅಲ್ಲಿ ಯಾರಿಗೂ ಬೇಡ. ತಮಿಳಿನಲ್ಲಿ ಕೇಳಿ, ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ಅಳುತ್ತಿದ್ದೆ. ಕನ್ನಡ ಅಕ್ಷರವನ್ನು ನಾನು ಕಲಿತದ್ದೇ ಮುಂದೆ ಬಳ್ಳಾರಿಯಲ್ಲಿ ಮೇಷ್ಟರಾದ ಮೇಲೆ, ನನ್ನ ವಿದ್ಯಾರ್ಥಿಗಳ ಜೊತೆಯಲ್ಲಿ ಕುಳಿತು.

ಬಿ.ಎ. ಓದಿಗೆ ದಿಂಡಿಗಲ್ಲಿನಿಂದಲೂ ಮುಂದೆ ರೈಲಿನಲ್ಲಿ ಹೋಗಬೇಕಾಯಿತು. ಆದರೆ ದಿಂಡಿಗಲ್ಲಿನ ಆ ಶಾಲೆಯ ದಿನಗಳಲ್ಲಿ ನನ್ನ ಕಣ್ಣೀರು ಒರೆಸಿದವರು ಗಣಿತದ ಮೇಷ್ಟರು. ನಶ್ಯದ ಡಬ್ಬಿಯ ಮೇಲೆ ಬೆರಳು ತಟ್ಟುತ್ತಾ ಅವರು ಘಾತಗಳ ಪಾಠ ಮಾಡುತ್ತಿದ್ದರು. ಕೂಡುವ ಲೆಕ್ಕ ನಡೆದು ಹೋಗುತ್ತದೆ, ಘಾತದ ಲೆಕ್ಕ ಮೊದಲು ಮಲಗಿರುತ್ತದೆ, ಆಮೇಲೆ ಎದ್ದು ಓಡುತ್ತದೆ, ಎನ್ನುತ್ತಿದ್ದರು. ಒಂದು ಬಾಳೆ ಬುಡದಿಂದ ಎರಡು ಕಂದು, ಆ ಎರಡರಿಂದ ನಾಲ್ಕು, ಹೀಗೇ ಬಿಟ್ಟರೆ ಕಣಿವೆಯಲ್ಲಿ ಕಾಲಿಡಲು ಜಾಗ ಉಳಿಯದು. ಇನ್ನೊಂದು ಜಾತಿ ಇಳಿಯುವಂಥದು: ಕಾಯಿಸಿದ ನೀರು ಮೊದಮೊದಲು ಬೇಗ ಆರುತ್ತದೆ, ಆಮೇಲೆ ನಿಧಾನ, ಆಮೇಲೆ ಇನ್ನೂ ನಿಧಾನ. ಕಣಿವೆಯ ಬಾಳೆಯನ್ನು, ಅವ್ವನ ಹಂಡೆಯನ್ನು ಕರಿಹಲಗೆಯ ಮೇಲೆ ಕಂಡ ದಿನ ಊರಿನ ನೆನಪಿನಿಂದ ಆ ಪಾಠವನ್ನು ಇನ್ನೊಂದು ಸಲ ಮಾಡಿರೆಂದು ಬೇಡಿದೆ. ಗಣಿತದ ಪಾಠವನ್ನು ಎರಡನೆಯ ಸಲ ಬೇಡಿ ಪಡೆದವರು ಬೇರೆ ಯಾರಾದರೂ ಇದ್ದರೆ ಅವರನ್ನು ನಾನು ನೋಡಬೇಕು.

ರಜೆಯಲ್ಲಿ ಬಂದಾಗ ಇದನ್ನು ಅವ್ವನಿಗೆ ಹೇಳಿದೆ. "ಅವ್ವಾ, ನೀನು ಹಾಲಿಗೆ ಹಾಕೋದು ಒಂದೇ ಒಂದು ತೊಟ್ಟು ಹೆಪ್ಪು. ಒಂದು ಎರಡಾಗ್ತದೆ, ಎರಡು ನಾಲ್ಕಾಗ್ತದೆ, ಬೆಳಗಾಗೋದ್ರೊಳಗೆ ಪಾತ್ರೆ ಪೂರ್ತಿ ಮೊಸರು." ಅವ್ವ ಒಲೆ ಊದುತ್ತಲೇ, "ಮಾರ್ಗಳಿ ಚಳೀಲಿ ಯಾಕ್ಲಾ ಆಗಾಕಿಲ್ಲ? ಎಣಿಸೋಕೆ ಅದರ ಕೈ ಮರಗಟ್ಟತದಾ?" ಎಂದಳು. ಚಳಿಯಲ್ಲಿ ಎರಡಾಗುವ ವೇಗ ಕಡಿಮೆ ಎಂದು ವಿವರಿಸಿದೆ. "ಅದ್ನೇ ನಾನೂ ಅಂದದ್ದು" ಎಂದಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಬಿ.ಎ. ಹೊತ್ತುಕೊಂಡು ಊರಿಗೆ ಬಂದ ವರ್ಷವೇ ತಂಗಿ ಚೆನ್ನಮ್ಮನಿಗೆ ಕಣಿವೆಯಲ್ಲೇ ಇರುವ ತೇವಾರದಿಂದ ಸಂಬಂಧ ಬಂತು. ಹುಡುಗ ಒಳ್ಳೆಯವನು, ಗಟ್ಟಿ ರೈತ. ಅದಕ್ಕಿಂತ ದೊಡ್ಡ ವಿಷಯವೆಂದರೆ ಚೆನ್ನಮ್ಮ ಅವನನ್ನು ತೇನಿಯ ಸಂತೆಯಲ್ಲಿ ಗಾಡಿಯ ಮೇಲಿಂದ ನೋಡಿ, ನೋಡಿಲ್ಲವೆಂದು ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಯಾರೂ ಕೇಳದೆಯೇ ಹೇಳಿದ್ದರಿಂದ ಅವಳ ಮನಸ್ಸು ನಮಗೆ ತಿಳಿಯಿತು. ನಮ್ಮ ಕಡೆ ಗಂಡಿನವರು ಒಪ್ಪಿಗೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹೆಣ್ಣಿನ ಮನೆಯಲ್ಲಿ ಊಟ ಮಾಡುತ್ತಾರೆ. ಊಟವಾದ ಮೇಲೆ ಅವರ ಮನೆಯ ಹಿರಿಯ ಹೆಂಗಸು ನಮ್ಮ ತಟ್ಟೆಯಿಂದ ವೀಳ್ಯ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರೆ ಮದುವೆ. ತೆಗೆದುಕೊಳ್ಳದೆ ಎದ್ದರೆ ಎದ್ದಂತೆ. ಎಲ್ಲವೂ ಆ ಊಟದ ಮೇಲೆ ನಿಂತಿತ್ತು.

ಬೀಗರ ಊಟದಲ್ಲಿ ನಮ್ಮವರಿಗೆ ಒಂದು ಮಾನದ ಪ್ರಶ್ನೆಯಿದೆ. ಮಜ್ಜಿಗೆಯ ದೊಡ್ಡ ಗಡಿಗೆ, ನಮ್ಮ ಬಾಯಲ್ಲಿ ಮೋರು ಪಾನೆ, ಗಂಡಸರ ಊಟ ಮುಗಿಯುವ ತನಕ ತುಂಬಿಯೇ ಇರಬೇಕು. ಎಷ್ಟು ಜನ ಬರುತ್ತಾರೋ ಯಾರಿಗೆ ಗೊತ್ತು? ಅದಕ್ಕಾಗಿ ಪಾನೆಯ ಬಳಿ ಒಬ್ಬನನ್ನು ಕೂರಿಸುತ್ತಾರೆ. ಅವನು ಒಂದು ಚೆಂಬು ಮಜ್ಜಿಗೆ ತೆಗೆದುಕೊಟ್ಟು, ಅಷ್ಟೇ ನೀರನ್ನು ಒಳಗೆ ಬಿಡಬೇಕು. ಸದ್ದಿಲ್ಲದೆ ಬಿಡಬೇಕು, ನೀರು ಬೀಳುವ ಸದ್ದು ಬೀಗರ ಕಿವಿಗೆ ಬಿದ್ದರೆ ಅದಕ್ಕಿಂತ ಅವಮಾನವಿಲ್ಲ. ಈ ಕೆಲಸ ನಮ್ಮ ಸೋದರಮಾವನದು. ಆ ದಿನ ಅವನಿಗೆ ಜ್ವರ. ಅಯ್ಯ, ಅಂದರೆ ನಮ್ಮ ತಂದೆ, ಮನೆಯಲ್ಲಿ ಯಾವ ಕೆಲಸಕ್ಕೂ ಬಾರದವರು ಯಾರೆಂದು ಸುತ್ತಲೂ ನೋಡಿದರು. ನಾನು ಸಿಕ್ಕೆ.

ಚೆನ್ನಮ್ಮ ಬಾಗಿಲ ಸಂದಿಯಿಂದ ಹೇಳಿದಳು: "ಅಣ್ಣಾ, ಇದೇನಾದ್ರೂ ಕೆಟ್ಟರೆ ನಿನ್ನ ಬುಕ್ಕೆಲ್ಲಾ ನೀರೊಲೆಗೆ."

"ಲೆಕ್ಕ ಹಾಕೇ ಕೂರ್ತೀನಿ, ಸುಮ್ನಿರು" ಎಂದೆ. ನನಗೆ ಭಯವಿರಲಿಲ್ಲ, ಸಂತೋಷವಿತ್ತು. ಓದಿದ್ದೆಲ್ಲ ಮನೆಯ ಉಪಯೋಗಕ್ಕೆ ಬರುವ ದಿನ ಕಡೆಗೂ ಬಂದಿತ್ತು.

ಏಕೆಂದರೆ ನೋಡಿ, ಇದು ಅಪ್ಪಟ ಘಾತದ ಲೆಕ್ಕ. ಪಾನೆಯ ಹತ್ತರಲ್ಲಿ ಒಂದು ಪಾಲು ಒಂದು ಚೆಂಬು. ಒಂದು ಸಲ ತೆಗೆದು ನೀರು ಬಿಟ್ಟರೆ ಉಳಿಯುವ ಮಜ್ಜಿಗೆ ಹತ್ತರಲ್ಲಿ ಒಂಬತ್ತು. ಎರಡನೆಯ ಸಲ ಆ ಒಂಬತ್ತರ ಹತ್ತರಲ್ಲಿ ಒಂಬತ್ತು. ಎಷ್ಟು ಸಲ ತೆಗೆದರೂ ಮಜ್ಜಿಗೆ ಪೂರ್ತಿ ಸೊನ್ನೆಯಾಗುವುದಿಲ್ಲ. ಇದನ್ನು ಅಯ್ಯನಿಗೆ ಹೇಳಿದಾಗ ಅವರ ಮುಖದಲ್ಲಿ ಮೊದಲ ಸಲ ನನ್ನ ಓದಿನ ಬಗ್ಗೆ ಒಂದು ಬೆಳಕು ಕಂಡಿತು. "ಮುಗಿಯೋದೇ ಇಲ್ವಾ?" ಎಂದರು. "ಎಂದೆಂದಿಗೂ ಇಲ್ಲ" ಎಂದೆ. ಆದರೆ ಮಾನವಂತರ ಮನೆಯಲ್ಲಿ ಸೊನ್ನೆಯಾಗದಿದ್ದರೆ ಸಾಲದು, ಪಾನೆಯಲ್ಲಿ ನೀರಿಗಿಂತ ಮಜ್ಜಿಗೆ ಹೆಚ್ಚಿರಬೇಕು. ಇದು ಸಮೀಕರಣವಲ್ಲ, ಅಸಮತೆ. ಎಷ್ಟು ಸಲ ತೆಗೆದರೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ? ಕಣಜದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು, ಎರಡು ಕಡೆಗೂ ಲಾಗರಿದಮ್ ತೆಗೆದೆ. ಒಂದಕ್ಕಿಂತ ಚಿಕ್ಕ ಸಂಖ್ಯೆಯ ಲಾಗರಿದಮ್ಮಿಗೆ ಋಣ ಚಿಹ್ನೆ. ಅದರಿಂದ ಭಾಗಿಸಿದೊಡನೆ ಅಸಮತೆ ತನ್ನ ಬಾಯಿಯನ್ನು ಆಚೆ ಕಡೆಗೆ ತಿರುಗಿಸಿಕೊಳ್ಳುತ್ತದೆ, ಊಟದಲ್ಲಿ ಉಪ್ಪು ಕಡಿಮೆಯಾದ ಬೀಗರ ಹಾಗೆ. ಪರೀಕ್ಷೆಯಲ್ಲಿ ಇಲ್ಲೇ ಎಡವಿ ಅಂಕ ಕಳೆದುಕೊಂಡವನು ನಾನು. ಆ ದಿನ ಎಡವಲಿಲ್ಲ. ಉತ್ತರ ಬಂತು: ಆರು ಸಲ ಧೈರ್ಯವಾಗಿ ತೆಗೆಯಬಹುದು, ಏಳನೆಯ ಸಲಕ್ಕೆ ಮಾನ ಹೋಗುತ್ತದೆ. ಆದ್ದರಿಂದ ಆರು ಸಲ ನೀರು, ಆಮೇಲೆ ಒಂದು ಸಲ ಅವ್ವ ಬೇರೆ ಪಾತ್ರೆಯಲ್ಲಿ ಇಟ್ಟಿದ್ದ, ಪಾನೆಯನ್ನು ಮತ್ತೆ ಮೊದಲಿನ ಹದಕ್ಕೆ ತರುವಷ್ಟು ಗಟ್ಟಿ ಮಜ್ಜಿಗೆ. ಅಷ್ಟು ಚೆಂದದ ಉತ್ತರ ಆ ಕಣಜದ ಗೋಡೆ ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ತೇವಾರದವರು ಬಂದರು. ಗಂಡಸರು ಮೊದಲ ಪಂಕ್ತಿಗಳಲ್ಲಿ ಕುಳಿತರು. ನಾನು ಒಳಗೆ ಪಾನೆಯ ಮುಂದೆ. ತೆಗೆಯುವುದು, ಗೋಡೆಗೆ ಗೀಟು ಹಾಕುವುದು, ಪಾನೆಯ ಒಳಮೈಗೆ ಚೆಂಬು ತಾಗಿಸಿ ಎಳೆಯ ಹಾಗೆ ನೀರು ಬಿಡುವುದು. ಗಟ್ಟಿ ಮಜ್ಜಿಗೆಯ ಸರದಿ ಬಂದಾಗ ಅದನ್ನೂ ಅಷ್ಟೇ ಮೆಲ್ಲಗೆ ಬಿಟ್ಟೆ. ನನ್ನ ಕೈಯ ನಯಕ್ಕೆ ನಾನೇ ತಲೆದೂಗುತ್ತಿದ್ದಾಗ ಹೊರಗಿನಿಂದ ಹುಡುಗನ ದೊಡ್ಡಪ್ಪನ ಗಂಟಲು ಕೇಳಿಸಿತು.

"ಏನಪ್ಪಾ, ಮೋರಾ ಇದು? ನಮ್ಮೂರ ಕಾಲ್ವೆ ತಣ್ಣಿ ಇದಕ್ಕಿಂತ ಗಟ್ಟಿಯಾಗೈತೆ."

ಇನ್ನೊಬ್ಬರು ಅಂದರು: "ಅನ್ನ ತೊಳ್ಕೊಂಡು ತಿನ್ನೋ ಪದ್ಧತಿ ಇರಬೇಕು ಈ ಮನೇಲಿ." ಪಂಕ್ತಿ ನಕ್ಕಿತು. ಬೀಗರ ನಗು ಬೇರೆ ನಗುವಿನಂತಲ್ಲ, ಅದನ್ನು ಅವರು ಊರಿಗೆ ತೆಗೆದುಕೊಂಡು ಹೋಗುತ್ತಾರೆ.

ಅಯ್ಯ ಒಳಗೆ ಬಂದರು. ಅವರ ದನಿ ಇಳಿದಿತ್ತು. "ಏನ್ಲಾ ಮಾಡ್ದೆ?"

"ಅಯ್ಯಾ, ಕಣಕ್ಕಿನ ಪ್ರಕಾರ ಇನ್ನೂ ಅರ್ಧಕ್ಕಿಂತ ಹೆಚ್ಚು ಮೋರು ಐತೆ" ಎಂದು ಗೋಡೆಯ ಮೇಲಿನ ಲೆಕ್ಕ ತೋರಿಸಿದೆ.

ಅಯ್ಯ ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾದ್ರೆ ಆ ಕಣಕ್ಕನ್ನೇ ಬಡಿಸು" ಎಂದು ಹೊರಗೆ ಹೋದರು. ಬಾಗಿಲ ಸಂದಿಯಲ್ಲಿ ಚೆನ್ನಮ್ಮ ನಿಂತಿದ್ದಳು. ಪುಸ್ತಕದ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸೆರಗಿನ ತುದಿಯನ್ನು ಸುಮ್ಮನೆ ಸುತ್ತುತ್ತಿದ್ದಳು.

ಗಂಡಸರು ಎದ್ದು ಕೈ ತೊಳೆದರು. ಕಡೆಯ ಪಂಕ್ತಿ ಹೆಂಗಸರದು. ಹೆಂಗಸರಿಗೆ ಪಾನೆ ತುಂಬಿರಬೇಕೆಂಬ ಕಟ್ಟಳೆಯಿಲ್ಲ, ತಳ ಕಂಡರೂ ಅವರು ಕೇಳುವುದಿಲ್ಲ, ಯಾಕೆಂದರೆ ಅವರವರ ಮನೆಗಳಲ್ಲಿ ತಳ ನೋಡುವವರು ಅವರೇ. ಹಾಗಾಗಿ ನಾನು ನೀರು ಬಿಡುವುದನ್ನು ನಿಲ್ಲಿಸಿ ಇದ್ದುದನ್ನೇ ತೆಗೆದು ತೆಗೆದು ಕೊಟ್ಟೆ. ಲೆಕ್ಕದ ಮೇಲೂ ನನಗೆ ಆಗ ಆಸೆ ಉಳಿದಿರಲಿಲ್ಲ.

ಆ ಪಂಕ್ತಿಯ ನಡುವೆ ಹುಡುಗನ ಅಜ್ಜಿ ಕುಳಿತಿದ್ದರು. ವೀಳ್ಯ ಎತ್ತಬೇಕಾದವರು ಅವರೇ. ಮಜ್ಜಿಗೆ ಬಡಿಸಿದರು. ಅಜ್ಜಿ ಒಂದು ತುತ್ತು ಉಂಡರು. ನಿಲ್ಲಿಸಿದರು. "ಮೋರು ಪಾನೆ ಹತ್ರ ಕೂತಿರೋದು ಯಾರು, ಕರೀರಿ" ಎಂದರು.

ನಾನು ಹೋಗಿ ನಿಂತೆ. ಕೈಯಲ್ಲಿ ಚೆಂಬು ಹಾಗೇ ಇತ್ತು.

"ತಂಬಿ, ನಂಗೆ ಹಲ್ಲು ಬಂದಾಗಿನಿಂದ ಹಲ್ಲು ಹೋಗೋತನಕ ಕಡೇ ಪಂದೀಲೇ ಉಂಡಿದ್ದೀನಿ. ಕಡೇ ಪಂದಿಗೆ ಬರೋ ಮೋರು ಎಲೆ ಮೇಲೆ ನಿಲ್ಲಾಕಿಲ್ಲ, ಪಕ್ಕದೋಳ ಎಲೆಗೆ ಓಡ್ತದೆ. ಇವತ್ತು ಅನ್ನದ ಮೇಲೆ ನಿಂತ್ಕೊಂಡದಲ್ಲೋ."

ದೊಡ್ಡಪ್ಪ ಜಗಲಿಯಿಂದಲೇ ಕೂಗಿದರು: "ಅವ್ವಾ, ನಮಗೆ ಬರೀ ತಣ್ಣಿ ಹಾಕವ್ರೆ."

"ಒಂದಿನ ಕುಡಿ. ನಾವು ದಿನಾ ಕುಡ್ದಿಲ್ವಾ?" ಎಂದರು ಅಜ್ಜಿ, ಆ ಕಡೆ ತಿರುಗದೆ. ಪಂಕ್ತಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಜ್ಜಿ ನನ್ನನ್ನು ಕೇಳಿದರು: "ಪಡಿಚವನು ಅಂದ್ರು ನಿನ್ನ. ಕಡೇಲಿ ಕೂತವ್ರಿಗೆ ಒಳ್ಳೇದು ಉಳಿಸಬೇಕು ಅಂತ ಅಲ್ಲೇ ಕಲಿಸಿದ್ರಾ?"

ಇಳಿಯುವ ಲೆಕ್ಕದಲ್ಲಿ ಕಡೆಯದು ಮೊದಲಿನದಕ್ಕಿಂತ ತೆಳುವಾಗಿಯೇ ಇರಬೇಕು. ಗಟ್ಟಿಯಾಗುವುದು ಸಾಧ್ಯವೇ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ತೆರೆದ ಬಾಯಲ್ಲೇ ಒಳಗಿನ ಗೋಡೆಯ ಕಡೆ ನೋಡಿದೆ. ಕಡೆಗೋಲು ಗೂಟದಲ್ಲಿ ಒಣಗಿಕೊಂಡೇ ನೇತಾಡುತ್ತಿತ್ತು. ಲೆಕ್ಕ ನಿಂತಿರುವುದೇ ಪ್ರತಿ ಸಲ ಚೆನ್ನಾಗಿ ಕದಡಿದರೆ ಎಂಬ ಮಾತಿನ ಮೇಲೆ. ಮಾವ ಕದಡುತ್ತಿದ್ದ, ಅದನ್ನು ಹೇಳಿಕೊಡಬೇಕೆಂದು ಯಾರಿಗೂ ತೋಚಿರಲಿಲ್ಲ. ನಾನು ಅಷ್ಟು ನಯವಾಗಿ ಬಿಟ್ಟ ನೀರು ಮೇಲೇ ನಿಂತು ಗಂಡಸರ ಎಲೆಗೆ ಹೋಗಿತ್ತು, ಮಜ್ಜಿಗೆಯೆಲ್ಲ ತಳ ಸೇರಿ ಹೆಂಗಸರಿಗಾಗಿ ಕಾದು ಕುಳಿತಿತ್ತು. ಇದನ್ನು ಸವಿಸ್ತಾರವಾಗಿ ನಿವೇದಿಸಬೇಕೆನ್ನುವಾಗ ಬಾಗಿಲ ಹಿಂದೆ ಚೆನ್ನಮ್ಮ ಕೆಮ್ಮಿದಳು. ಎಂಥ ಕೆಮ್ಮು ಎಂದರೆ ಅದರ ಅರ್ಥ ಬಿಡಿಸಲು ಲಾಗರಿದಮ್ ಬೇಕಾಗಿರಲಿಲ್ಲ.

"ಹೌದಜ್ಜಿ" ಎಂದೆ.

ಅಜ್ಜಿ ಕೈ ತೊಳೆದು ಬಂದು, ತಟ್ಟೆಯಿಂದ ವೀಳ್ಯ ಎತ್ತಿ, ಸುಣ್ಣ ಸವರಿ, ಬಾಯಿಗೆ ಹಾಕಿಕೊಂಡರು. ಅಯ್ಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು.

ಚೆನ್ನಮ್ಮ ತೇವಾರ ಸೇರಿದಳು, ಅಲ್ಲಿಯೇ ಮಕ್ಕಳು ಮರಿ ಆಯಿತು. ಅಯ್ಯ ಇಲ್ಲ, ಅಜ್ಜಿಯೂ ಇಲ್ಲ. ಆದರೆ ಅಜ್ಜಿ ಹಾಕಿದ ಕಟ್ಟಳೆ ಆ ಮನೆಯಲ್ಲಿ ಇನ್ನೂ ನಡೆಯುತ್ತಿದೆ: ಮೋರು ಪಾನೆಯನ್ನು ಬಿ.ಎ. ಓದಿದವನ ಪದ್ಧತಿಯಲ್ಲೇ ನೋಡಿಕೊಳ್ಳಬೇಕು. ಆ ಪದ್ಧತಿ ಎಂದರೆ ಯಾವುದೆಂದು, ಅದನ್ನು ಆ ರಾತ್ರಿ ನನ್ನಿಂದಲೇ ಕೇಳಿ ತಿಳಿದಿದ್ದ ಚೆನ್ನಮ್ಮ ಅವರಿಗೆ ಹೇಳಿಕೊಟ್ಟಳು, ಕಡೆಗೋಲು ಮುಟ್ಟಕೂಡದು ಎಂದು. ಬಳ್ಳಾರಿಯಿಂದ ರೈಲು, ಗಾಡಿ, ಧೂಳು ದಾಟಿ ನಾನು ತಂಗಿಯ ಮನೆಗೆ ಹೋದಾಗಲೆಲ್ಲ ಹೆಣ್ಣು ಕೊಟ್ಟ ಮನೆಯವನೆಂಬ ಮರ್ಯಾದೆಯಿಂದ ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸುತ್ತಾರೆ. ಎಲೆಗೆ ತಿಳಿನೀರು ಬೀಳುತ್ತದೆ. "ಅಣ್ಣಾ, ಇನ್ನೊಂದು ಸೌಟು?" ಎಂದು ಚೆನ್ನಮ್ಮ ಬಹಳ ಗಂಭೀರವಾಗಿ ಕೇಳುತ್ತಾಳೆ. ಮನೆತನದ ಮೊದಲ ಪದವೀಧರ ನಾನು. ನನ್ನ ಪದ್ಧತಿಯನ್ನು ನಾನೇ ಬೇಡವೆನ್ನಲು ಬರುವುದಿಲ್ಲ. ಹಾಕಮ್ಮ ಎನ್ನುತ್ತೇನೆ.