ಆನೆ ಏಳನೇ ಸಾಲಿಗೆ

ಕೈಲಾಸ್‌ಗೆ ಆ ಕೈಕುಲುಕಾಟವೇ ಅರ್ಥವಾಗಲಿಲ್ಲ. ಮೊನ್ನೆ ವಿಶ್ವ ಮಟ್ಟದ ಚೆಸ್ ಪಂದ್ಯದಲ್ಲಿ ಇಬ್ಬರು ಘಟಾನುಘಟಿಗಳು ಮೂವತ್ತಮೂರನೇ ನಡೆಗೆ ಡ್ರಾ ಎಂದು ಎದ್ದುಹೋಗಿದ್ದರು. ಬಿಳಿ ಕಾಯಿ ನಮ್ಮ ದೇಶದ ಹುಡುಗನದು. ಅವನು ಆನೆಯನ್ನು ಏಳನೇ ಸಾಲಿಗೆ ತಂದಿದ್ದರೆ ಗೆಲುವು ಖಚಿತ ಎಂದು ಕೈಲಾಸ್‌ಗೆ ಬೆಳಿಗ್ಗೆ ಹಲ್ಲುಜ್ಜುವಾಗಲೇ ಹೊಳೆದಿತ್ತು.

ಹೊಳೆದದ್ದು ನಿಜವೋ ಭ್ರಮೆಯೋ ಎಂದು ಹನ್ನೊಂದು ಸಲ ಪರೀಕ್ಷಿಸಿದ. ಸಂಜೆ ಐದಕ್ಕೆ ಮಲ್ಲೇಶ್ವರದ ಚೆಸ್ ಸಂಘದಲ್ಲಿ ಇದೇ ಆಟದ ವಿಶ್ಲೇಷಣೆ. ಚೆನ್ನಾಗಿ ಮಾಡಿದವರಿಗೆ ಶನಿವಾರ ಮಕ್ಕಳಿಗೆ ಆಟ ಕಲಿಸುವ ತರಗತಿ. ಒಂಬತ್ತು ವರ್ಷ ಸಂಘದ ಕುರ್ಚಿ ಜೋಡಿಸುತ್ತಾ ಅವನು ಕಾದದ್ದು ಆ ತರಗತಿಗೇ. ಪೈಪೋಟಿಗಿದ್ದವಳು ಪ್ರತಿಭಾ. ಸಂಘ ಸೇರಿ ಎರಡೇ ವರ್ಷ.

ಅವನು ಜಗಲಿಯ ಮೇಲೆ ಮಡಚುವ ಪುಟ್ಟ ಅಯಸ್ಕಾಂತದ ಬೋರ್ಡು ಬಿಚ್ಚಿ, ಆ ಡ್ರಾ ಆಟದ ಕೊನೆಯ ಸ್ಥಿತಿ ಜೋಡಿಸಿಕೊಂಡು ಕೂತಿದ್ದಾಗ ಎದುರುಮನೆ, ಪಕ್ಕದಮನೆಯವರ ಜಗಳ ಶುರುವಾಯಿತು.

"ಕಮಲಮ್ಮ, ನಿಮ್ಮ ಸ್ಕೂಟರ್‌ಗೆ ನಮ್ಮ ಗೇಟೇ ಯಾಕ್ರೀ ಬೇಕು?" ಎಂದರು ಮುನಿಯಮ್ಮ.

"ರಸ್ತೆ ಏನು ನಿಮ್ಮಪ್ಪಂದಾ?"

"ಕೈಲಾಸೂ, ನೀನೇ ನ್ಯಾಯ ಹೇಳಪ್ಪಾ!"

ಇಬ್ಬರೂ ಜಗಲಿಗೆ ನುಗ್ಗಿದರು. ಕಣ್ಣು ಬೋರ್ಡಿನ ಮೇಲೆ ಬಿತ್ತು. ಗ್ಯಾಸ್ ಮುಗಿದ ಒಲೆಯಂತೆ ಮಾತು ಆರಿತು. ಜನ್ಮದಲ್ಲಿ ಚೆಸ್ ನೋಡದ ಮುನಿಯಮ್ಮ ಮೆಲ್ಲಗೆ ಬಲಗೈ ಚಾಚಿದರು.

"ಡ್ರಾ ಅಂತ ಇರ್ಲಿ."

"ಇರ್ಲಿ," ಎಂದು ಕಮಲಮ್ಮ ಕೈ ಕುಲುಕಿದರು.

ಆಮೇಲೆ ಇಬ್ಬರೂ ಸೇರಿ ಸ್ಕೂಟರನ್ನು ಎತ್ತಿ, ನಡುರಸ್ತೆಯಲ್ಲಿ, ಎರಡೂ ಗೇಟಿಗೆ ಸರಿಯಾಗಿ ಅಷ್ಟೇ ದೂರದಲ್ಲಿಟ್ಟರು. ಅದರ ಆಚೆ ಈಚೆ ನಿಂತು ನಗುತ್ತಿದ್ದರು. ಕಣ್ಣು ಮಾತ್ರ ಮಿಟುಕಿಸಲಿಲ್ಲ.

ಕೈಲಾಸ್ ಬೋರ್ಡನ್ನು ಬಿಚ್ಚಿದಂತೆಯೇ ಹಿಡಿದು ಅಲ್ಲಿಂದ ಜಾರಿಕೊಂಡ. ಸಂಪಿಗೆ ರಸ್ತೆಗೆ ಸೇರುವ ತಿರುವಿನಲ್ಲಿ ಒಂದು ಆಟೋ, ಒಂದು ಕಾರು ಮೂತಿಗೆ ಮೂತಿ ಕೊಟ್ಟು ನಿಂತಿದ್ದವು.

"ಹಿಂದಕ್ಕೆ ತಗೊಳ್ರೀ!"

"ನಾನ್ಯಾಕೆ ಗುರು, ನೀನ್ ತಗೋ!"

"ಸಾರ್, ನೀವ್ ನೋಡಿದ್ರಲ್ಲ, ಹೇಳಿ ಸಾರ್," ಎಂದು ಆಟೋದವನು ಕೈಲಾಸ್‌ನ ತೋಳು ಹಿಡಿದ. ಕಾರಿನವನೂ ಇಳಿದು ಬಂದ. ಇಬ್ಬರೂ ಬೋರ್ಡಿನ ಮೇಲೆ ಬಗ್ಗಿದರು. ನಿಧಾನವಾಗಿ ನೆಟ್ಟಗಾದರು. ಕೈ ಕುಲುಕಿ, ಕೀಲಿಯನ್ನು ಗಾಡಿಯಲ್ಲೇ ಬಿಟ್ಟು, ಒಬ್ಬ ಆ ಕಡೆ, ಒಬ್ಬ ಈ ಕಡೆ ನಡೆದುಹೋದರು.

ಹಿಂದೆ ನಿಂತ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಕೈಲಾಸ್ ದಾಟಿದಂತೆಲ್ಲ ಒಂದೊಂದೇ ಹಾರ್ನ್ ನಿಂತಿತು. ಕಾಯಿಗಳನ್ನು ತಪ್ಪಾಗಿ ಇಟ್ಟಿದ್ದೇನೆಯೇ ಎಂದು ಎಣಿಸಿ ನೋಡಿದ. ಎಲ್ಲ ಸರಿಯಾಗಿತ್ತು. ಹೆದರಿಕೆಯಾದದ್ದೇ ಅದಕ್ಕೆ.

ಸಂಘದ ಕಾರ್ಯದರ್ಶಿ ವಿಶ್ವಾರಾಧ್ಯರದು ತರಗುಪೇಟೆಯಲ್ಲಿ ಬೇಳೆ ಮಂಡಿ. ಯಾರಿಗೂ ಒಂದು ಕಾಳು ಬಿಟ್ಟುಕೊಟ್ಟ ಮನುಷ್ಯರಲ್ಲ. ಕೈಲಾಸ್ ಸಂಘದೊಳಗೆ ಕಾಲಿಡುತ್ತಲೇ ಅವರು ಕೇಳಿದರು:

"ಏನ್ರೀ ಕೈಲಾಸ್, ಇವತ್ತಾದ್ರೂ ಬಾಯಿ ಬಿಡ್ತೀರೋ, ಇಲ್ಲ ಕುರ್ಚಿ ಜೋಡ್ಸಿ ಹೋಗ್ತೀರೋ?"

ಎಲ್ಲರೂ ನಕ್ಕರು. ಕೈಲಾಸ್ ಬೋರ್ಡನ್ನು ನಡುವೆ ಇಟ್ಟ. ನಗು ನಿಂತಿತು. ಮೇಜಿನ ಸುತ್ತ ಕೂತ ಎಂಟು ಜನರ ಬಲಗೈಗಳು ದಾರ ಕಟ್ಟಿ ಎಳೆದ ಹಾಗೆ ಮೇಲೆದ್ದವು.

"ಶನಿವಾರದ್ದು ಇಬ್ರಿಗೂ ಅರ್ಧರ್ಧ," ಎಂದರು ವಿಶ್ವಾರಾಧ್ಯ. ಅದು ಅವರ ದನಿಯಾಗಿರಲಿಲ್ಲ.

ಪ್ರತಿಭಾಳ ಕೈ ಮೇಜು ದಾಟಿ ಬಂತು. ಕೈಲಾಸ್‌ನ ಬಲಗೈಯೂ ಅವನನ್ನು ಕೇಳದೆ ಏಳತೊಡಗಿತು. ಒಂಬತ್ತು ವರ್ಷಕ್ಕೆ ಅರ್ಧ ತರಗತಿ! ಅವನು ಆ ಕೈಯನ್ನು ತೊಡೆಯ ಕೆಳಗೆ ತುರುಕಿ, ಅದರ ಮೇಲೆ ಕೂತುಬಿಟ್ಟ.

"ಆಗಲ್ಲ! ಗೆಲುವಿದೆ ಇಲ್ಲಿ!" ಎಂದು ಕೂಗಿ, ಎಡಗೈಯಿಂದ ಆನೆಯನ್ನು ಏಳನೇ ಸಾಲಿಗೆ ಕುಕ್ಕಿದ.

ಎಂಟೂ ಕೈಗಳು ಧೊಪ್ಪೆಂದು ಬಿದ್ದವು. ಪ್ರತಿಭಾ ನಿದ್ದೆಯಿಂದ ಎದ್ದವಳಂತೆ ಕಣ್ಣುಜ್ಜಿಕೊಂಡಳು.

"ಅಯ್ಯೋ ಸಾರ್, ಬೆಳಿಗ್ಗೆಯಿಂದ ಬಿಳಿ ಕಡೇನೇ ಕೂತಿದ್ರಾ? ಈ ಕಡೆಯಿಂದ ಒಂದ್ಸಲಾನೂ ನೋಡ್ಲಿಲ್ವಾ?"

ಆನೆ ಬಿಟ್ಟ ಮನೆಗೆ ಅವಳ ಕಪ್ಪು ಕುದುರೆ ನುಗ್ಗಿತು. ಎರಡೇ ನಡೆ. ಬಿಳಿ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ.

"ಇದಕ್ಕೇ ಅವ್ರು ಡ್ರಾ ಮಾಡ್ಕೊಂಡಿದ್ದು. ಆಸೆಪಟ್ಟೋರು ಸೋಲ್ತಾರೆ."

"ಶನಿವಾರ ಪೂರ್ತಿ ಪ್ರತಿಭಾದು," ಎಂದರು ವಿಶ್ವಾರಾಧ್ಯ. ಈಗ ದನಿ ಅವರದೇ.

ಅಷ್ಟರಲ್ಲಿ ಅವರ ಫೋನು ಗುಂಯ್ ಎಂದಿತು. ನಮ್ಮ ಹುಡುಗನಿಗೆ ಇವತ್ತು ಮತ್ತೆ ಬಿಳಿ ಕಾಯಿ, ಆಟ ನಡೆಯುತ್ತಿತ್ತು. ಓದುತ್ತಾ ಓದುತ್ತಾ ವಿಶ್ವಾರಾಧ್ಯರ ಮುಖ ಬಿಳಿಚಿಕೊಂಡಿತು.

"ಅದೇ ಆಟ. ಅದೇ ಮೂವತ್ತಮೂರು ನಡೆ. ಎದುರಾಳಿ ಕೈ ಚಾಚಿದ್ದಾನೆ, ನಮ್ಮವನು ಕುಲುಕಿಲ್ಲ. ಏನೋ ಕೂಗಿ, ಎಡಗೈಯಲ್ಲಿ ಆನೆ ಎತ್ತಿ ಏಳನೇ ಸಾಲಿಗೆ ಕುಕ್ಕಿದ್ದಾನೆ. ಸೋತ."

"ಎಡಗೈ ಯಾಕೆ?" ಎಂದಳು ಪ್ರತಿಭಾ.

"ಬಲಗೈ ಮೇಲೆ ಕೂತಿದ್ನಂತೆ."

ಎಲ್ಲರೂ ಕೈಲಾಸ್‌ನತ್ತ ತಿರುಗಿದರು. ಅವನು ತೊಡೆಯ ಕೆಳಗಿನ ಬಲಗೈಯನ್ನು ಮೆಲ್ಲಗೆ ಎಳೆದುಕೊಂಡ.

"ಹಾಗಾದ್ರೆ ನನ್ನ ವಿಶ್ಲೇಷಣೆ ದೊಡ್ಡೋರ ಮಟ್ಟದ್ದೇ, ಅಲ್ವಾ ಸಾರ್?"

ಪಂದ್ಯದಲ್ಲಿ ಇನ್ನೂ ನಾಲ್ಕು ಆಟ ಬಾಕಿ ಇದ್ದವು. ಅಷ್ಟೂ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಅವನು ಸಂಘದ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ಎರಡೂ ಕೈ ಕಟ್ಟಿಕೊಂಡು ಕೂರತಕ್ಕದ್ದು ಎಂದು ಅಲ್ಲೇ ಒಮ್ಮತದ ನಿರ್ಣಯವಾಯಿತು.

"ಸಾರ್, ಅಕ್ಷೀ ಅಂತ ಸೀನು ಬಂದ್ರೆ?"

"ತಡ್ಕೊಳ್ರೀ," ಎಂದರು ವಿಶ್ವಾರಾಧ್ಯ. "ಅಲ್ಲಿ ಹುಡುಗನೂ ಸೀನ್ತಾನೆ, ಅವನ ಗಡಿಯಾರ ಓಡ್ತಿರುತ್ತೆ."