ವಂದನಾರ್ಪಣೆಯ ಕೊನೆಯ ಹೆಸರು

ಆಭಾರ ಹೇಳುವುದರಲ್ಲಿ ಸಾಂಗಲಿಯಿಂದ ಮಿರಜದವರೆಗೆ ನನ್ನನ್ನು ಮೀರಿಸುವವರು ಯಾರೂ ಇಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಮಿರಜದ ಒಂದು ಕ್ಯಾಥೋಲಿಕ್ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ನನ್ನ ಗಣಿತದ ಬಗ್ಗೆ ಜನ ಏನೇನೋ ಹೇಳುತ್ತಿದ್ದರು, ಅದು ಬೇರೆ ಮಾತು. ಆದರೆ ವರ್ಷಕ್ಕೊಮ್ಮೆ ಗ್ಯಾದರಿಂಗ್ ಎಂಬ ವಾರ್ಷಿಕೋತ್ಸವದ ದಿನ ಶಾಲೆಯ ವಾರ್ಷಿಕ ವರದಿ ಓದಿ, ಸಹಾಯ ಮಾಡಿದ ಮಹನೀಯರಿಗೆಲ್ಲ ಆಭಾರ ಹೇಳಲು ನಾನೇ ಬೇಕು!

ಮೊದಲು ಇದು ಹಗುರ ಕೆಲಸವಾಗಿತ್ತು. ಮಕ್ಕಳ ಹಲ್ಲು ನೋಡುವ ಡಾಕ್ಟರು ಒಬ್ಬರು, ಆಗಸ್ಟ್ ಹದಿನೈದಕ್ಕೆ ಪೆಪ್ಪರಮಿಂಟು ಕೊಡುವ ಕಿರಾಣಿ ಅಂಗಡಿಯವರು ಒಬ್ಬರು. ಎರಡು ಹೆಸರು, ಮುಗಿಯಿತು. ಆಮೇಲೆ ಕಾಲ ಬದಲಾಯಿತು. ವಿಶ್ರಾಮಬಾಗದ ರಸ್ತೆಯ ಎರಡೂ ಬದಿಗೆ ಶೋರೂಮು ಎದ್ದವು. ಗಲ್ಲಿಗೊಂದು ಎಸ್‌ಟಿಡಿ ಬೂತು, ಮನೆಮನೆಗೆ ಕೇಬಲ್ ಟಿವಿ ಬಂತು. ಹೊಸ ಸಾಹುಕಾರರು ಹುಟ್ಟಿದರು, ಅವರು ಶಾಲೆಗೆ ಫ್ಯಾನು, ಗಡಿಯಾರ, ನೀರಿನ ಕೂಲರು ಕೊಟ್ಟರು. ಜೊತೆಗೆ ತಮ್ಮ ಬಿರುದುಗಳನ್ನೂ ಕೊಟ್ಟರು. ಒಂದು ವರ್ಷ ಒಬ್ಬರ ಹೆಸರಿನ ಮುಂದೆ 'ಯುವ ಉದ್ಯಮಿ' ಎನ್ನುವುದನ್ನು ನಾನು ಮರೆತೆ. ಅವರು ಮರುದಿನ ಬಂದು ತಾವು ಕೊಟ್ಟ ಫ್ಯಾನನ್ನು ಅಲ್ಲಿಯೇ ಬಿಟ್ಟು ರೆಗ್ಯುಲೇಟರ್ ಮಾತ್ರ ಬಿಚ್ಚಿಕೊಂಡು ಹೋದರು! ಆ ವರ್ಷವಿಡೀ ಒಂಬತ್ತನೇ ತರಗತಿ ಬಿರುಗಾಳಿಯಲ್ಲಿ ಕುಳಿತು ಪಾಠ ಕೇಳಿತು.

ಅಂದಿನಿಂದ ನಾನು ಹೆಸರುಗಳ ವಿಷಯದಲ್ಲಿ ಬಹಳ ಹುಷಾರಾದೆ. ಯಾರ ಹೆಸರೂ ತಪ್ಪಬಾರದು, ಯಾರ ಬಿರುದೂ ಬೀಳಬಾರದು. ಅದಕ್ಕಾಗಿ ಒಂದು ವಹಿಯನ್ನೇ ಇಟ್ಟೆ.

ನಾನು ಹೇಳಹೊರಟ ವರ್ಷ ಶಾಲೆಗೆ ಮೊದಲ ಕಂಪ್ಯೂಟರು ಬಂದಿತ್ತು. ಅದಕ್ಕೆ ಪರದೆ ಹಾಕಿದ ಪ್ರತ್ಯೇಕ ಕೋಣೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಈ ಸಲ ವರದಿಯನ್ನು ಕಂಪ್ಯೂಟರಿನಲ್ಲೇ ಟೈಪು ಮಾಡಿಸಿ ಅಚ್ಚು ಹಾಕಿಸೋಣ ಎಂದರು ನಮ್ಮ ಮುಖ್ಯಾಧ್ಯಾಪಕಿ ಸಿಸ್ಟರ್. "ಕಂಪ್ಯೂಟರು ತಪ್ಪು ಮಾಡುವುದಿಲ್ಲ ಸಿಸ್ಟರ್, ನೀವು ನಿಶ್ಚಿಂತರಾಗಿರಿ" ಎಂದು ನಾನೇ ಧೈರ್ಯ ಹೇಳಿದೆ. ಕಂಪ್ಯೂಟರು ತಪ್ಪು ಮಾಡಲಿಲ್ಲ, ಅದಂತೂ ನಿಜ.

ಗ್ಯಾದರಿಂಗಿಗೆ ಮೂರು ವಾರ ಇದ್ದಾಗ ಮಾವಶಿ ನನ್ನ ಬಳಿಗೆ ಬಂದಳು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ನಮ್ಮಲ್ಲಿ ಶಾಲೆಯ ಗಂಟೆ ಬಾರಿಸುವ, ಕಸ ಗುಡಿಸುವ, ನೀರು ತುಂಬುವ ಹೆಂಗಸು. ಅಥಣಿ ಕಡೆಯಿಂದ ದುಡಿಯಲು ಬಂದು ಮಿರಜದಲ್ಲೇ ನಿಂತವಳು. ಶಾಲೆಯೆಲ್ಲ ಮರಾಠಿ, ಇಂಗ್ಲಿಷು. ನನ್ನ ಮನೆಮಾತು ಕನ್ನಡವನ್ನು ನಾನು ಆಡುತ್ತಿದ್ದುದು ಅವಳೊಬ್ಬಳೊಡನೆ. ಮಕ್ಕಳು ಎರಡು ದಿನ ಶಾಲೆಗೆ ಬಾರದಿದ್ದರೆ ಮೂರನೆಯ ದಿನ ಮಾವಶಿ ಅವರ ಮನೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಮ್ಮೆ ಸಾಂಗ್ಲಿವಾಡಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟು ಹೊಲಕ್ಕೆ ಹೋಗತೊಡಗಿದಾಗ, ಸೇತುವೆ ದಾಟಿ ಹೋಗಿ ಅವಳ ಅಪ್ಪನನ್ನು ಬಯ್ದು ಕರೆತಂದಿದ್ದಳು. 'ಈ ವರ್ಷ ಒಂದು ಮಗುವೂ ನಡುವೆ ಶಾಲೆ ಬಿಡಲಿಲ್ಲ' ಎಂಬುದು ನನ್ನ ವರದಿಯ ಮೊದಲ ಸಾಧನೆ. ಅದಕ್ಕೆ ಕಾರಣ 'ನಮ್ಮ ಆಧುನಿಕ ಹಾಜರಿ ವ್ಯವಸ್ಥೆ' ಎಂದು ನಾನು ಬರೆದಿದ್ದೆ. ಹಾಗೆ ಬರೆಯುವಾಗ ನನಗೆ ಮಾವಶಿಯ ನೆನಪೂ ಬರಲಿಲ್ಲ.

"ಸರ್, ಈ ವರ್ಷಕ್ಕ ನನ್ನ ಕೆಲಸ ಮುಗೀತ್ರಿ" ಎಂದಳು ಮಾವಶಿ. "ಖಂಡೇರಾಜುರಿಗೆ ಮಗಳ ಮನಿಗೆ ಹೋಗಿ ಇರತೇನಿ. ಸಿಸ್ಟರ್ ನನಗ ಶಾಲ ಹೊದಸ್ತಾರಂತ."

"ಭಾಳ ಚಲೋ ಆತು ಮಾವಶಿ!"

"ಬೀಗರು ಬರಾಕತ್ತಾರ್ರಿ. ನಾ ಇಲ್ಲಿ ಬರೇ ಕಸಾ ಹೊಡೀತೇನಿ ಅಂತ ತಿಳದಾರ ಅವ್ರು. ಮೈಕಿನ್ಯಾಗ ನನ್ನ ಹೆಸರ ಒಂದ ಸಲ ಹೇಳ್ರಿ ಸರ್. ಹೆಸರಲೇ ಕರೀರಿ, ಮಾವಶಿ ಅನಬ್ಯಾಡ್ರಿ. ಮಗಳ ಮನ್ಯಾಗ ಇರಾಕಿ ನಾ, ಬೀಗರ ಮುಂದ ಒಂದಿಷ್ಟು ಮಾನ ಇರಲಿ."

"ನೀವು ಹೇಳೂದೇ ಬ್ಯಾಡ! ಕೊನೀ ಹೆಸರು ನಿಮ್ಮದೇ, ಎಲ್ಲಾರಕಿಂತ ದೊಡ್ಡದಾಗಿ ಓದತೇನಿ."

ಅವಳು ನಗುತ್ತಾ ಹೋದಳು. ನಾನು ವಹಿ ತೆಗೆದು ಪೆನ್ಸಿಲು ಹಿಡಿದೆ. 'ಶ್ರೀಮತಿ' ಎಂದು ಬರೆದೆ. ಅಲ್ಲಿಗೆ ಪೆನ್ಸಿಲು ನಿಂತಿತು. ಹನ್ನೊಂದು ವರ್ಷ ಅವಳ ಕೈಯಿಂದ ನೀರು ಕುಡಿದಿದ್ದೇನೆ, ಅವಳ ಹೆಸರು ನನಗೆ ಗೊತ್ತಿರಲಿಲ್ಲ!

ಓಡಿಹೋಗಿ ಕೇಳಿದ್ದರೆ ಆಗುತ್ತಿತ್ತು. ಆದರೆ ಈಗತಾನೇ ಎದೆ ತಟ್ಟಿ ಮಾತು ಕೊಟ್ಟವನು, ಅದೇ ಬಾಯಲ್ಲಿ 'ಅಂದ ಹಾಗೆ ನಿಮ್ಮ ಹೆಸರೇನು' ಎನ್ನುವುದು ಹೇಗೆ? ನಾಚಿಕೆಯಾಯಿತು. 'ಶ್ರೀಮತಿ ಮಾವಶಿ' ಎಂದು ಬರೆದು, ಮುಂದೆ 'ಹೆಸರು ಕೇಳಿ ಬರೆಯುವುದು' ಎಂದು ಗುರುತು ಹಾಕಿಕೊಂಡೆ. ಬರೆದದ್ದು ಮರಾಠಿಯಲ್ಲಿ, ಅರ್ಥ ಇದೇ.

ಆಮೇಲೆ ಸುತ್ತು ಬಳಸಿ ಪತ್ತೆ ಹಚ್ಚುವ ಕಾರ್ಯಾಚರಣೆ ಆರಂಭವಾಯಿತು. ಸಿಸ್ಟರನ್ನು ಕೇಳಿದೆ. "ಅವಳ ಹೆಸರು? ಮಾವಶಿ!" ಎಂದರು ಅವರು, ನನ್ನ ಆರೋಗ್ಯದ ಬಗ್ಗೆ ಸಂಶಯಪಟ್ಟು. ಹಾಜರಿ ಪುಸ್ತಕ ತೆಗೆದೆ. ಹೆಸರಿನ ಜಾಗದಲ್ಲಿ 'ಮಾವಶಿ', ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ಕೊನೆಗೆ ಅವಳಿಗೇ ಬಲೆ ಬೀಸಿದೆ. "ಮಾವಶಿ, ನಿಮ್ಮ ರೇಷನ್ ಕಾರ್ಡ್ ಒಮ್ಮೆ ತರ್ರಿ, ನೋಡೂದೈತಿ" ಎಂದೆ. ತಂದಳು. ಮೇಲೆ ತೀರಿಹೋದ ಗಂಡ ಭೀಮಪ್ಪನ ಹೆಸರು. ಒಳಗಿನ ಪುಟಕ್ಕೆ ಎಣ್ಣೆ ಹತ್ತಿ ಒಂದು ಅಕ್ಷರವೂ ಕಾಣದು!

"ಮನ್ಯಾಗ ನಿಮ್ಮನ್ನ ಏನಂತ ಕರೀತಾರ ಮಾವಶಿ?" ಕೊನೆಯ ಅಸ್ತ್ರ ಬಿಟ್ಟೆ.

"ಅವ್ವಾ ಅಂತಾರ್ರಿ" ಎಂದಳು.

ಈ ಕಥೆಯನ್ನು ಮನೆಯಲ್ಲಿ ಹೆಂಡತಿ ಸುನಂದಾಳಿಗೆ ಹೇಳಿದೆ.

"ಅಲ್ರೀ, ಸೀದಾ ಕೇಳಾಕ ಏನ ಧಾಡಿ ನಿಮಗ?"

"ನಿನಗ ತಿಳಿಯೂದಿಲ್ಲ. ಇದರಾಗ ಒಂದು ಸೂಕ್ಷ್ಮ ಐತಿ."

"ಸೂಕ್ಷ್ಮ ಅಲ್ಲ, ಸೊಕ್ಕು ಐತಿ" ಎಂದು ಅವಳು ಒಲೆಯ ಕಡೆ ತಿರುಗಿದಳು.

ಅಷ್ಟರಲ್ಲಿ ಪರೀಕ್ಷೆಯ ಪೇಪರು ಬಂದವು. ದಾನಿಗಳ ಬಿರುದುಗಳ ಪರಿಷ್ಕರಣೆ ಬಂತು. ಶೋರೂಮಿನ ಮಾಲಕರು ಹೊಸದಾಗಿ ಯಾವುದೋ ಮಂಡಳದ ಉಪಾಧ್ಯಕ್ಷರಾಗಿದ್ದರು, ಅದನ್ನು ಮೂರು ಸಲ ಫೋನು ಮಾಡಿ ಖಚಿತಪಡಿಸಿಕೊಂಡೆ. ವಹಿಯನ್ನು ಕಂಪ್ಯೂಟರ್ ಕೋಣೆಗೆ ಕೊಟ್ಟೆ. ಟೈಪು ಮಾಡುವವರಿಗೆ "ಒಂದಕ್ಷರ ಬದಲಿಸಬೇಡಿ, ಬರೆದದ್ದು ಬರೆದ ಹಾಗೆ ಬರಲಿ" ಎಂದು ತಾಕೀತು ಮಾಡಿದೆ. ಅವರು ನಿಷ್ಠಾವಂತರು.

ಗ್ಯಾದರಿಂಗ್ ದಿನ ಬಂತು. ಕಾರ್ಯಕ್ರಮ ಮೂರು ಗಂಟೆಗೆ. ಮುಖ್ಯ ಅತಿಥಿಗಳಾದ ಶೋರೂಮ್ ಮಾಲಕರು ಬಂದದ್ದು ನಾಲ್ಕೂವರೆಗೆ. ಇಲ್ಲಿ ನನ್ನದೊಂದು ತೊಂದರೆಯನ್ನು ಹೇಳಬೇಕು. ನಾವು ಜೈನರು. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ಮುಳುಗಿದ ಮೇಲೆ ಮರುದಿನ ಬೆಳಗಿನವರೆಗೆ ಒಂದು ತುತ್ತೂ ಇಲ್ಲ. ಅಂದು ಗಡಿಬಿಡಿಯಲ್ಲಿ ಬೆಳಗಿನಿಂದ ನಾನು ಏನನ್ನೂ ತಿಂದಿರಲಿಲ್ಲ. ಸುನಂದಾ ಕಟ್ಟಿಕೊಟ್ಟ ಥಾಲಿಪೀಠದ ಡಬ್ಬಿ ವೇದಿಕೆಯ ಹಿಂದೆ ನನ್ನ ದಾರಿ ಕಾಯುತ್ತಿತ್ತು.

ಚಳಿಗಾಲದ ಸೂರ್ಯ. ನಾನು ವರದಿ ಆರಂಭಿಸಿದಾಗ ಅವನು ಚರ್ಚಿನ ಶಿಲುಬೆಯ ಮೇಲಿದ್ದ. ಕ್ರೀಡೆಯ ಸಾಧನೆ ಮುಗಿದಾಗ ಶಿಲುಬೆಯ ಕೆಳಗೆ ಇಳಿದಿದ್ದ. ಆಭಾರ ಆರಂಭವಾಯಿತು. ಒಂದೊಂದು ಹೆಸರಿಗೂ ಒಬ್ಬೊಬ್ಬರು ಎದ್ದು ಬಂದು, ಶಾಲು ತೆಂಗಿನಕಾಯಿ ತೆಗೆದುಕೊಂಡು, ಫೋಟೋಗ್ರಾಫರನಿಗೆ ಎರಡೆರಡು ಸಲ ಮುಖ ತೋರಿಸಿ ಇಳಿಯಬೇಕು. ನನ್ನ ಒಂದು ಕಣ್ಣು ಕಾಗದದ ಮೇಲೆ, ಒಂದು ಕಣ್ಣು ಸೂರ್ಯನ ಮೇಲೆ. ಕೇಬಲ್ ಟಿವಿಯವರು ಇಳಿಯುವ ಹೊತ್ತಿಗೆ ಅವನು ಗಿಡಗಳ ಸಾಲಿಗೆ ತಾಗಿದ್ದ. ಇನ್ನು ಹತ್ತು ನಿಮಿಷವೂ ಇಲ್ಲ! ನಾನು ಓಟಕ್ಕೆ ಬಿದ್ದೆ. ಹೆಸರು, ಬಿರುದು, ಹೆಸರು, ಬಿರುದು, ಕೊನೆಯ ಪುಟ ತಿರುವಿದೆ. ಕೊನೆಯ ಹೆಸರನ್ನು ದೊಡ್ಡದಾಗಿ ಓದಬೇಕು ಎಂಬುದೊಂದು ನೆನಪಿತ್ತು. ಎದೆ ತುಂಬ ಉಸಿರು ಎಳೆದುಕೊಂಡು, ಇಡೀ ಮಿರಜಕ್ಕೆ ಕೇಳುವಂತೆ ಓದಿದೆ:

"ಮತ್ತು ಕೊನೆಯದಾಗಿ, ನಮ್ಮ ಶಾಲೆಗೆ ಜೀವಮಾನವನ್ನೇ ಮುಡಿಪಾಗಿಟ್ಟ ಶ್ರೀಮತಿ ಮಾವಶಿ ಹೆಸರು ಕೇಳಿ ಬರೆಯುವುದು, ಇವರು ವೇದಿಕೆಗೆ ಬರಬೇಕಾಗಿ ವಿನಂತಿ!"

ಮೂರನೆಯ ಸಾಲಿನಲ್ಲಿ ಹೊಸ ಹಸಿರು ಸೀರೆ ಉಟ್ಟು, ಬೀಗರ ನಡುವೆ ಕುಳಿತಿದ್ದ ಮಾವಶಿ ಅರ್ಧ ಎದ್ದಿದ್ದಳು. ಅರ್ಧ ಎದ್ದವಳು ಹಾಗೇ ಕುಳಿತಳು. ಹಿಂದಿನಿಂದ ನಗೆ ಶುರುವಾಯಿತು. ಅದು ಬೆಂಚಿನಿಂದ ಬೆಂಚಿಗೆ ದಾಟಿ ಮುಂದಿನ ಸೋಫಾದವರೆಗೆ ಬಂತು. ಬೀಗರೂ ನಕ್ಕರು.

ಸುಮ್ಮನೆ ಇಳಿದು ಹೋಗಿದ್ದರೂ ಒಂದು ಮಾನ ಉಳಿಯುತ್ತಿತ್ತು. ಇಲ್ಲ, ನಾನು ಸರಿಪಡಿಸಲು ಹೊರಟೆ! "ಅಂದರೆ... ನಮ್ಮೆಲ್ಲರ ಪ್ರೀತಿಯ ಮಾವಶಿ!" ಎಂದು ಕೂಗಿದೆ. ಯಾವ ಮಾತು ಬೇಡ ಎಂದಿದ್ದಳೋ ಅದೇ ಮಾತು, ಮೈಕಿನಲ್ಲಿ, ಬೀಗರ ಮುಂದೆ. ಅವಳು ಏಳಲಿಲ್ಲ. ಸಿಸ್ಟರ್ ಕೈ ಬೀಸಿ ಕರೆದರು, ಏಳಲಿಲ್ಲ. ಮುಖ್ಯ ಅತಿಥಿಗಳು ಬಿಚ್ಚಿದ ಶಾಲು ಹಿಡಿದು ನಿಂತೇ ಇದ್ದರು. ಬಿಚ್ಚಿದ ಶಾಲು ನಮ್ಮ ಕಡೆ ಬಹಳ ಹೊತ್ತು ಖಾಲಿ ಇರುವುದಿಲ್ಲ. ಅವರು ಅತ್ತಿತ್ತ ನೋಡಿ, ಇನ್ನೂ ಮೆಟ್ಟಿಲ ಬಳಿಯೇ ನಿಂತಿದ್ದ ಕೇಬಲ್ ಟಿವಿಯವರ ಹೆಗಲಿಗೆ ಅದನ್ನು ಹೊದಿಸಿಬಿಟ್ಟರು. ಅವರಿಗೆ ಆಗಲೇ ಒಂದು ಹೊದಿಸಿಯಾಗಿತ್ತು! ಫೋಟೋ ಕೂಡ ಬಿತ್ತು.

ರಾಷ್ಟ್ರಗೀತೆಗೆ ಮುಂಚೆ ಗಂಟೆ ಬಾರಿಸಬೇಕು. ಮಾವಶಿ ಎದ್ದಳು, ಸೆರಗು ಸರಿಮಾಡಿಕೊಂಡು ಹೋಗಿ ಗಂಟೆ ಬಾರಿಸಿದಳು.

ನಾನು ವೇದಿಕೆಯ ಹಿಂದೆ ಡಬ್ಬಿ ಮುಂದಿಟ್ಟುಕೊಂಡು ಕುಳಿತಿದ್ದೆ. ತೆರೆಯಲು ಕೈ ಬರಲಿಲ್ಲ. ಮಾವಶಿ ಪೊರಕೆ ಹಿಡಿದು ಅಲ್ಲಿಗೆ ಬಂದಳು, ಡಬ್ಬಿಯನ್ನು ನೋಡಿದಳು.

"ಹೊತ್ತ ಮುಳುಗೇ ಬಿಡ್ತಲ್ರಿ ಸರ್. ನೀವು ಇನ್ನ ಉಣ್ಣೂದಿಲ್ಲ" ಎಂದಳು.

"ತಪ್ಪಾತು ಮಾವಶಿ" ಎಂದೆ. ಅವಳು ನಾವು ಚೆಲ್ಲಿದ ಹೂವುಗಳನ್ನು ಗುಡಿಸತೊಡಗಿದಳು. ಅಂದಿನ ಹಾಗೆ ನನ್ನ ಮೇಲೆ ನನಗೇ ಅಸಹ್ಯ ಎಂದೂ ಆಗಿರಲಿಲ್ಲ.

ಮನೆಗೆ ಬಂದು ಸುನಂದಾಳಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಆತು, ಆಮ್ಯಾಲ ಆಕಿ ಹೆಸರೇನಂತ ಕೇಳಿದ್ರೋ ಇಲ್ಲೋ?"

ಕೇಳಿರಲಿಲ್ಲ!

ಮರುದಿನವೇ ಮಾವಶಿ ಮಗಳ ಊರಿಗೆ ಹೋಗಿಬಿಟ್ಟಿದ್ದಳು. ರವಿವಾರ ನನ್ನ ದುಡ್ಡಿನಲ್ಲಿ ಒಂದು ಒಳ್ಳೆಯ ಶಾಲು, ತೆಂಗಿನಕಾಯಿ ಕೊಂಡು, ಮಧ್ಯಾಹ್ನದ ಮೇಲೆ ಸ್ಕೂಟರ್ ಹತ್ತಿ ಖಂಡೇರಾಜುರಿಗೆ ಹೊರಟೆ. ಊರ ಮುಂದಿನ ಚಹಾದ ಅಂಗಡಿಯಲ್ಲಿ ನಿಲ್ಲಿಸಿದೆ.

"ಮಿರಜದ ಸಾಲ್ಯಾಗ ಕೆಲಸಾ ಮಾಡತಿದ್ದ ಮಾವಶಿ ಮನಿ ಎಲ್ಲಿ ಬರತೈತ್ರಿ?"

"ಯಾವ ಮಾವಶಿ? ಹೆಸರ ಹೇಳ್ರಿ" ಎಂದ ಅಂಗಡಿಯವನು.

ನಾನು ತೆಂಗಿನಕಾಯಿ ನೋಡುತ್ತಾ ನಿಂತೆ. ಬೆಂಚಿನ ಮೇಲೆ ಕುಳಿತಿದ್ದ ಮುದುಕ ಕಿಸಕ್ಕೆಂದ. "ಮೊನ್ನೆ ಬಂದಾಳಲ್ಲೋ, 'ಹೆಸರ ಕೇಳಿ ಬರಿಯೂದು'! ಆಕಿನೇ ಇರಬೇಕು. ಬೇವಿನ ಗಿಡದ ಹಿಂದ ಮೂರನೇ ಮನಿ ನೋಡ್ರಿ."

ಒಂದು ವಾರವೂ ಆಗಿರಲಿಲ್ಲ, ನಾನಿಟ್ಟ ಹೆಸರು ನನಗಿಂತ ಮುಂಚೆ ಊರು ಸೇರಿತ್ತು. ಸ್ಕೂಟರ್ ತಿರುಗಿಸಿ ಓಡಿಹೋಗೋಣ ಎನಿಸಿತು.

ಮಾವಶಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದವಳೇ ಕಟ್ಟೆಯ ಮೇಲೆ ಕುಳಿತಿದ್ದ ಬೀಗರಿಗೆ ಹೇಳಿದಳು: "ಇವ್ರು ನಮ್ಮ ಬಾಳಗೊಂಡ ಸರ್. ಅಪ್ಪಾಸಾಹೇಬರ ಮಗಾ. ಮನ್ಯಾಗಿನವ್ರ ಹೆಸರು ಸುನಂದಾ."

ನನ್ನ ಹೆಸರು, ನಮ್ಮ ಅಪ್ಪನ ಹೆಸರು, ನನ್ನ ಹೆಂಡತಿಯ ಹೆಸರು! ನಾನು ಅಲ್ಲಿಯೇ ಭೂಮಿಗಿಳಿದು ಹೋದೆ.

"ಮಾವಶಿ, ನಿಮ್ಮ ಹೆಸರೇನ್ರಿ?" ಎಂದೆ. ಹನ್ನೊಂದು ವರ್ಷ ಹೊರಡದ ಮಾತು ಅಷ್ಟು ಸಣ್ಣದಾಗಿತ್ತು.

"ಲಗಮವ್ವ."

ನಾನು ಶಾಲು ಬಿಚ್ಚಿ, ಬೀಗರ ಕಡೆ ತಿರುಗಿ, ಮೈಕಿಲ್ಲದಿದ್ದರೂ ಮೈಕಿನ ದನಿಯಲ್ಲೇ ಹೇಳಿದೆ: "ನಮ್ಮ ಸಾಲಿ ಒಂದ ಕೂಸನ್ನೂ ಕಳಕೊಳ್ಳದಂಗ ನೋಡಿಕೊಂಡವರು, ಶ್ರೀಮತಿ ಲಗಮವ್ವ ಭೀಮಪ್ಪ!" ಕೇಳಿದವರು ಬೀಗರು ಇಬ್ಬರು, ಕೋಳಿ ನಾಲ್ಕು. ಶಾಲು ಹೊದಿಸಿದೆ. ಅವಳು ಅದನ್ನು ಕೈಯಿಂದ ಸವರಿದಳು.

"ಮೈಕಿನ್ಯಾಗ ಹೇಳಬೇಕಿತ್ರಿ ಸರ್" ಎಂದಳು. ಸಿಟ್ಟಿರಲಿಲ್ಲ. ಬಿಸಿಲಿದೆ, ಗಾಳಿಯಿದೆ ಎನ್ನುವ ಹಾಗೆ ಹೇಳಿದಳು.

"ಕುಂದ್ರಿ, ಹೊತ್ತ ಇನ್ನೂ ಐತಿ. ಉಂಡ ಹೋಗ್ರಿ" ಎಂದು ಒಳಗೆ ಹೋಗಿ, ಬಿಸಿ ರೊಟ್ಟಿ, ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕದ ಪಲ್ಯ ತಂದಿಟ್ಟಳು. ನಾನು ತಲೆ ತಗ್ಗಿಸಿ ಉಣ್ಣತೊಡಗಿದೆ.

ಬೀಗರು ಇಷ್ಟು ಹೊತ್ತು ನನ್ನನ್ನೇ ದಿಟ್ಟಿಸುತ್ತಿದ್ದರು. "ಅವತ್ತ ಮೈಕಿನ್ಯಾಗ ಓದಿದ ಸರ್ ಇವರೇ ಏನಬೇ?" ಎಂದು ಕೇಳಿದರು.

"ಹೌದ್ರಿ, ಇವರೇ" ಎಂದಳು ಲಗಮವ್ವ, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಾ. "ಭಾಳ ಚಲೋ ಓದತಾರ. ಏನ ಬರದಿರತೈತೋ, ಅದನ್ನ ಓದತಾರ."