ಒಂಬೈನೂರು ರೂಪಾಯಿ ಮಿಕ್ಕ ಕಡತ

ನಿವೃತ್ತಿಯ ನಂತರ ಬದುಕಲು ಎಷ್ಟು ಹಣ ಬೇಕು? ಈ ಮಹಾಪ್ರಶ್ನೆಯನ್ನು ಒಂದೇ ಭಾನುವಾರದಲ್ಲಿ ಬಗೆಹರಿಸಿ ಚಂದ್ರಮೋಹನನ ಮೂಗಿನ ಮುಂದೆ ಹಿಡಿಯುತ್ತೇನೆಂದು ಶಪಥ ಮಾಡಿದೆ!

ಚಂದ್ರಮೋಹನ ನನ್ನ ಹೆಂಡತಿ ಗಿರಿಜಾಳ ಅಣ್ಣನ ಮಗ. ನೋಯ್ಡಾದಲ್ಲಿ ಕಂಪ್ಯೂಟರ್ ಕೆಲಸ, ಇಂದಿರಾಪುರಂನ ಹನ್ನೊಂದನೇ ಮಹಡಿಯಲ್ಲಿ ಸ್ವಂತ ಫ್ಲ್ಯಾಟು. "ಮಾವ, ಬರೋ ಮಾರ್ಚ್‌ಗೆ ರಿಟೈರ್ ಆಗ್ತೀರ. ಎರಡು ಸಾವಿರದ ಆರನೇ ಇಸವೀಲಿ ನಿಮ್ಮ ಪಿಂಚಣಿ ದುಡ್ಡು ಏನಕ್ಕೂ ಸಾಲಲ್ಲ" ಎಂದುಬಿಟ್ಟ. ನನಗೆ! ಮೂವತ್ತೆರಡು ವರ್ಷ ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಸವೆದವನಿಗೆ! ನನ್ನ ಸಹಿಯ ನೋಟಿಸು ಕಂಡರೆ ಎಂಥೆಂಥ ಸಾಹೇಬರ ಕೈಕಾಲೂ ನಡುಗುತ್ತವೆ, ಗೊತ್ತೇ?

ಹಸಿರು ಟ್ಯಾಗು ಕಟ್ಟಿ, ಪುಟಸಂಖ್ಯೆ ಹಾಕಿ, ವಿಧ್ಯುಕ್ತವಾಗಿ ಕಡತ ತೆರೆದೆ.

"ಗಿರಿಜಾ, ಕಾಫಿಪುಡಿ ತಿಂಗಳಿಗೆಷ್ಟು?"

"ಒಂದು ಕೆಜಿ."

"ಒಂದು ಕೆಜಿ! ಯಾರು ಕುಡೀತಾರೆ ಅಷ್ಟು?"

"ಈಗ ಲೋಟ ಹಿಡ್ಕೊಂಡು ಕೂತಿದ್ದಾರಲ್ಲ, ಅವರು."

ಅರ್ಧಕ್ಕೆ ಇಳಿಸಿದೆ. ಕೊತ್ತಂಬರಿಯನ್ನು ಪೂರ್ತಿ ಹೊಡೆದುಹಾಕಿದೆ. ತರಕಾರಿ ಕೊಂಡರೆ ಕೊತ್ತಂಬರಿ ಪುಕ್ಕಟೆ ಕೊಡುವುದು ಈ ಊರಿನ ಧರ್ಮ! ಗಾಡಿಯ ಭಯ್ಯಾ ಒಪ್ಪಲಿಲ್ಲ. ಅರ್ಧ ಗಂಟೆ ಬೀದಿಯಲ್ಲಿ ವಾದಿಸಿ ಒಂದು ಕಟ್ಟು ಗೆದ್ದು ಬಂದೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ನೆಲವೆಲ್ಲ ಕ್ಷೀರಸಾಗರ.

"ಹಾಲು ನೋಡ್ತಿರಿ ಅಂದಿದ್ದೆ ಅಲ್ವೇನ್ರೀ!"

"ಅದು ಆಕಸ್ಮಿಕ ವೆಚ್ಚ. ಪುಟ ಏಳು!"

ಸಂಜೆಯ ಹೊತ್ತಿಗೆ ಲೆಕ್ಕ ಮುಗಿಯಿತು. ಪಿಂಚಣಿ, ಬಡ್ಡಿ ಎರಡೂ ಸೇರಿ, ಎಲ್ಲ ಖರ್ಚು ಕಳೆದು, ತಿಂಗಳಿಗೆ ಒಂಬೈನೂರು ರೂಪಾಯಿ ಉಳಿತಾಯ! ಕೂಡಲೇ ಫೋನು ಮಾಡಿ ಚಂದ್ರಮೋಹನನನ್ನು ಕರೆಸಿದೆ. ಆತ ಮೊದಲ ಪುಟದಿಂದ ಕೊನೆಯವರೆಗೆ ಓದಿದ. ಮತ್ತೆ ಹಿಂದಕ್ಕೆ ತಿರುವಿದ.

"ಸೊಳ್ಳೆಬತ್ತಿಗೂ ಲೆಕ್ಕ ಇದೆ. ಬಾಡಿಗೆ ಎಲ್ಲಿ ಮಾವ?"

"ಬಾಡಿಗೆಯೇ? ಮೂವತ್ತೆರಡು ವರ್ಷದಲ್ಲಿ ಯಾರ ಕೈಗಾದರೂ ಬಾಡಿಗೆ ಕೊಟ್ಟಿದ್ದೇನೇನೋ? ಇದು ಸರ್ಕಾರಿ ಕ್ವಾರ್ಟರ್ಸು!"

ಅವನು ಅತ್ತೆಯ ಮುಖ ನೋಡಿದ. ಗಿರಿಜಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು: "ರಿಟೈರ್ ಆದಮೇಲೂ ನಮ್ಮನ್ನ ಇಲ್ಲೇ ಇರೋಕೆ ಬಿಡ್ತಾರೇನ್ರೀ?"

"ಅದು ಹೇಗಾಗುತ್ತೆ?" ನನಗೆ ರೇಗಿಯೇ ಹೋಯಿತು. "ನಾಲ್ಕು ತಿಂಗಳು, ಅಷ್ಟೇ! ಆಮೇಲೆ ಒಂದು ದಿನವೂ ಇರಕೂಡದು. ಇದ್ದರೆ ಖಾಲಿ ಮಾಡಿ ಅಂತ ನೋಟಿಸು ಕಳಿಸೋದೇ ನನ್ನ..."



"ವಸಂತ್ ಕುಂಜ್‌ನಲ್ಲಿ ಎರಡು ರೂಮಿಗೆ ಒಂಬತ್ತು ಸಾವಿರ ಕೇಳ್ತಾರೆ ಮಾವ," ಎಂದ ಚಂದ್ರಮೋಹನ. ದನಿಯಲ್ಲಿ ಗೆದ್ದ ಗರ್ವವಿರಲಿಲ್ಲ. ಅದೇ ಹೆಚ್ಚು ಉರಿಯಿತು.

ಗಿರಿಜಾ ಕಡತ ಎಳೆದುಕೊಂಡಳು. ನನ್ನದೇ ಕೆಂಪು ಪೆನ್ನಿನಿಂದ ಏನೋ ಬರೆದು ನನ್ನತ್ತ ನೂಕಿದಳು. ಮೂವತ್ತೆರಡು ವರ್ಷದಲ್ಲಿ ನನ್ನ ಕಡತವೊಂದು ಆಕ್ಷೇಪಣೆ ಹೊತ್ತು ಮರಳಿದ್ದು ಅದೇ ಮೊದಲು:

"ಕೊತ್ತಂಬರಿ ಪುಕ್ಕಟೆ ಸಿಕ್ಕಿದ್ದು ಸಂತೋಷ. ಒಲೆ ಎಲ್ಲಿಡಬೇಕು? ಸ್ಪಷ್ಟಪಡಿಸಿ ಮರುಸಲ್ಲಿಸಿ."